ಕಿರ್ದಿ ಪುಸ್ತಕದಲ್ಲಿ ಒಂದೂವರೆ ಶತಮಾನ: ಅಮೆರಿಕದ ಸೊರಾರಿಟಿಗಳು ಮತ್ತು ಅವುಗಳ ಇಡುಗಂಟು

ಸ್ಮರಣ ಸಂಚಿಕೆ ಎಂದರೆ ಮೊದಲ ಪುಟಗಳಲ್ಲಿ ಸ್ಥಾಪಕರ ಭಾವಚಿತ್ರ, ಅದರ ಬೆನ್ನಿಗೆ ಶುಭ ಸಂದೇಶಗಳು, ಶಂಕುಸ್ಥಾಪನೆಯ ಹಳೆಯ ಛಾಯಾಚಿತ್ರ, ಹಳೆಯ ವಿದ್ಯಾರ್ಥಿಗಳ ನೆನಪುಗಳು. ಜಮಾಖರ್ಚಿನ ತಃಖ್ತೆಗೆ ಜಾಗ ಸಿಕ್ಕರೆ ಅದು ಕೊನೆಯಲ್ಲಿ, ಜಾಹೀರಾತುಗಳ ಮಗ್ಗುಲಲ್ಲಿ. ಅಮೆರಿಕದ ಕಾಲೇಜುಗಳ ವಿದ್ಯಾರ್ಥಿನಿಯರು ತಾವೇ ಕಟ್ಟಿಕೊಂಡ ಸೊರಾರಿಟಿಗಳ ಚರಿತ್ರೆ ಬರೆಯುವಾಗ ಈ ಕ್ರಮವನ್ನು ತಿರುವಿ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಸಿನಿಮಾಗಳಲ್ಲಿ ಕಾಣುವ ಗ್ರೀಕ್ ಅಕ್ಷರಗಳು, ಗುಟ್ಟಿನ ದೀಕ್ಷಾವಿಧಿ, ನೃತ್ಯಕೂಟ ಇವೆಲ್ಲ ಇರುವುದು ನಿಜ. ಆದರೆ ಯಾವುದೇ ಕಾಲೇಜಿನ ಸೊರಾರಿಟಿ ಘಟಕವನ್ನು ತೆಗೆದುಕೊಂಡರೂ ನಾಲ್ಕು ವರ್ಷದೊಳಗೆ ಅದರ ಸದಸ್ಯೆಯರೆಲ್ಲ ಬದಲಾಗಿರುತ್ತಾರೆ. ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಖಜಾಂಚಿಯ ವಯಸ್ಸು ಇಪ್ಪತ್ತರ ಆಸುಪಾಸು. ಇಷ್ಟು ಬೇಗ ಖಾಲಿಯಾಗಿ ಮತ್ತೆ ತುಂಬಿಕೊಳ್ಳುವ ಒಂದು ಕೂಟ ನೂರೈವತ್ತು ವರ್ಷ ಬಾಳಿದ್ದು ಹೇಗೆ? ಆಚರಣೆಗಳ ಬಲದಿಂದ ಎಂದು ಸಂಸ್ಥೆಗಳು ಹೇಳಿಕೊಳ್ಳುತ್ತವೆ. ವರ್ಷಾಂತ್ಯದಲ್ಲಿ ಉಳಿದ ಹಣವನ್ನು ಯಾರ ಕೈಯಲ್ಲಿ, ಯಾವ ಹೆಸರಿನಲ್ಲಿ, ಯಾವ ಷರತ್ತಿನ ಮೇಲೆ ಇಡಬೇಕೆಂಬುದನ್ನು ಅವು ಬೇಗ ಕಲಿತದ್ದರಿಂದ ಎಂದು ನಾನು ವಾದಿಸುತ್ತೇನೆ.

1867–1886: ಬಾಡಿಗೆ ಕೋಣೆಯಿಂದ ಸ್ವಂತ ಮನೆಗೆ

ಅಂತರ್ಯುದ್ಧ ಮುಗಿದ ಮೇಲೆ ಅಮೆರಿಕದ ಮಧ್ಯ ಭಾಗದ ಹಲವು ಕಾಲೇಜುಗಳು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದವು. ತೆರೆದದ್ದು ತರಗತಿಯ ಬಾಗಿಲು ಮಾತ್ರ. ಉಳಿದುಕೊಳ್ಳುವ ವ್ಯವಸ್ಥೆ, ಕೂತು ಮಾತಾಡುವ ಜಾಗ, ಗಂಡು ಸಹಪಾಠಿಗಳ ಸಂಘಗಳಲ್ಲಿ ಪ್ರವೇಶ ಇವು ಯಾವುವೂ ಅವರಿಗಿರಲಿಲ್ಲ. 1867ರ ಏಪ್ರಿಲ್ 28ರಂದು ಇಲಿನಾಯ್ ರಾಜ್ಯದ ಮಾನ್‌ಮತ್ ಕಾಲೇಜಿನ ಹನ್ನೆರಡು ವಿದ್ಯಾರ್ಥಿನಿಯರು ಹೋಲ್ಟ್ ಎಂಬ ಕುಟುಂಬದ ಮನೆಯಲ್ಲಿ ಸೇರಿ ‘ಐ.ಸಿ. ಸೊರೋಸಿಸ್’ ಎಂಬ ಸಂಘ ಕಟ್ಟಿದರು. ಅವರಲ್ಲಿ ಇಬ್ಬರು ಆ ಮನೆಯ ಕೋಣೆಯೊಂದರಲ್ಲಿ ಬಾಡಿಗೆಗಿದ್ದರು. ಮುಂದೆ 1888ರಲ್ಲಿ ‘ಪೈ ಬೀಟಾ ಫೈ’ ಎಂದು ಹೆಸರು ಬದಲಿಸಿಕೊಂಡದ್ದು ಇದೇ ಸಂಘ. 1870ರಲ್ಲಿ ಇಂಡಿಯಾನಾದ ಗ್ರೀನ್‌ಕ್ಯಾಸಲ್ ಊರಿನಲ್ಲಿ ಕಪ್ಪಾ ಆಲ್ಫಾ ಥೀಟಾ ಹುಟ್ಟಿತು, ಅದೇ ವರ್ಷ ಮಾನ್‌ಮತ್‌ನಲ್ಲಿ ಕಪ್ಪಾ ಕಪ್ಪಾ ಗ್ಯಾಮಾ ಹುಟ್ಟಿತು. 1872ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಹತ್ತು ಮಂದಿ ಸೇರಿ ಆಲ್ಫಾ ಫೈ ಕಟ್ಟಿದರು. ಈ ಹಂತದಲ್ಲಿ ಲೆಕ್ಕವೆಂದರೆ ಬಾಯಿಲೆಕ್ಕಕ್ಕಿಂತ ಹೆಚ್ಚಿನದೇನಲ್ಲ. ವಂತಿಗೆ ಎತ್ತಬೇಕು, ಕೂಡುವ ಜಾಗದ ಖರ್ಚು ಕೊಡಬೇಕು. ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯಬೇಕಾದ ತುರ್ತು ಯಾರಿಗೂ ಇರಲಿಲ್ಲ.

ಆ ತುರ್ತು ಹುಟ್ಟಿದ್ದು ಸಿರಾಕ್ಯೂಸ್‌ನಲ್ಲಿ. ಆಲ್ಫಾ ಫೈ ಹುಡುಗಿಯರು 1884ರಲ್ಲಿ ಇಡೀ ಮನೆಯೊಂದನ್ನೇ ಬಾಡಿಗೆಗೆ ಹಿಡಿದು ಒಟ್ಟಿಗೆ ಇರತೊಡಗಿದರು. ಎರಡು ವರ್ಷಕ್ಕೆ, 1886ರಲ್ಲಿ, ಸ್ವಂತ ಮನೆ ಕಟ್ಟಿಸಿದರು. ಗ್ರೀಕ್ ಅಕ್ಷರದ ಮಹಿಳಾ ಸಂಘವೊಂದು ತಾನೇ ಕಟ್ಟಿಸಿ ವಾಸಕ್ಕೆ ಹೋದ ಮೊದಲ ಮನೆ ಅದು. ಸಂಸ್ಥೆಯ ಇತಿಹಾಸಕಾರರು ಇದನ್ನು ಹೆಮ್ಮೆಯ ಮೈಲಿಗಲ್ಲಾಗಿ ಎತ್ತಿ ಹೇಳುತ್ತಾರೆ, ಅದು ಸರಿಯೇ. ಆದರೆ ಲೆಕ್ಕಪುಸ್ತಕದ ಕಡೆಯಿಂದ ನೋಡಿದರೆ ಈ ಘಟನೆಗೆ ಬೇರೆಯದೇ ತೂಕವಿದೆ. ಬಾಡಿಗೆ ಕೋಣೆಯನ್ನು ಸದಸ್ಯೆಯರು ಕಡಿಮೆಯಾದ ವರ್ಷ ಬಿಟ್ಟುಬಿಡಬಹುದು, ಸ್ವಂತ ಮನೆಯನ್ನು ಹಾಗೆ ಬಿಡಲಾಗದು. ಸಾಲದ ಕಂತು, ವಿಮೆ, ತೆರಿಗೆ, ಮಾಡಿನ ರಿಪೇರಿ ಇವುಗಳಿಗೆ ಆ ವರ್ಷ ಎಷ್ಟು ಮಂದಿ ಸೇರಿದರು ಎಂಬುದರ ಗೊಡವೆ ಇಲ್ಲ. ಹೀಗಾಗಿ ಒಳ್ಳೆಯ ವರ್ಷದ ಉಳಿಕೆಯನ್ನು ಕೆಟ್ಟ ವರ್ಷಕ್ಕೆ ಕೈಗಾವಲಾಗಿ ಎತ್ತಿಡುವುದು ಅನಿವಾರ್ಯವಾಯಿತು. ಮನೆ ಯಾರ ಹೆಸರಿನಲ್ಲಿರಬೇಕು ಎಂಬ ಪ್ರಶ್ನೆಯೂ ಅದರ ಜೊತೆಗೇ ಎದ್ದಿತು. ಪದವಿ ಮುಗಿಸಿ ಊರು ಬಿಡುವ ಹುಡುಗಿಯರ ಹೆಸರಿಗೆ ಕ್ರಯಪತ್ರ ಬರೆಸಿದರೆ ನಾಲ್ಕು ವರ್ಷಕ್ಕೊಮ್ಮೆ ತೊಡಕು. ಇದಕ್ಕೆ ಕಾಲಕ್ರಮದಲ್ಲಿ ಸಿಕ್ಕ ಪರಿಹಾರವೇ ‘ಹೌಸ್ ಕಾರ್ಪೊರೇಷನ್’. ಹಳೆಯ ವಿದ್ಯಾರ್ಥಿನಿಯರು ಸೇರಿ ನೋಂದಾಯಿಸಿದ ಸಂಸ್ಥೆ ಅದು. ಜಾಗ, ಕಟ್ಟಡ, ಸಾಲ ಎಲ್ಲವೂ ಅದರ ಹೆಸರಿನಲ್ಲಿರುತ್ತವೆ, ಓದುತ್ತಿರುವ ಹುಡುಗಿಯರ ಘಟಕ ಅದಕ್ಕೆ ಬಾಡಿಗೆ ಕಟ್ಟುತ್ತದೆ. ಒಂದೇ ಮಾಡಿನ ಕೆಳಗೆ ಎರಡು ಕಿರ್ದಿ, ಎರಡು ಬ್ಯಾಂಕ್ ಖಾತೆ. ಸೊರಾರಿಟಿಗಳ ಬಾಳಿಕೆಯ ಗುಟ್ಟು ದೀಕ್ಷಾವಿಧಿಗಿಂತ ಹೆಚ್ಚಾಗಿ ಈ ಏರ್ಪಾಟಿನಲ್ಲಿದೆ.

1902–1930: ಊರಾಚೆಯ ಖರ್ಚು

1902ರಲ್ಲಿ ಆಲ್ಫಾ ಫೈ ಮುಂದಾಳುತನದಲ್ಲಿ ಹಲವು ಸಂಘಗಳು ಶಿಕಾಗೋದಲ್ಲಿ ಕಲೆತು, ಇಂದು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂದು ಕರೆಯುವ ಒಕ್ಕೂಟವನ್ನು ಕಟ್ಟಿದವು. ಹೊಸ ವಿದ್ಯಾರ್ಥಿನಿಯರನ್ನು ಸೆಳೆಯುವ ಪೈಪೋಟಿ ಆ ಹೊತ್ತಿಗೆ ಅಷ್ಟೇನೂ ಹಿತವಾಗಿ ಉಳಿದಿರಲಿಲ್ಲ. ಅದಕ್ಕೊಂದು ನಡಾವಳಿ ತರುವುದು ಒಕ್ಕೂಟದ ಉದ್ದೇಶ. ಕಾಲಾಂತರದಲ್ಲಿ ಪ್ರತಿ ಘಟಕಕ್ಕೆ ಇಂತಿಷ್ಟೇ ಹೊಸ ಸದಸ್ಯೆಯರು ಎಂಬ ಮಿತಿಯೂ ಬಂತು. ಸಭ್ಯತೆಯ ನಿಯಮದಂತೆ ಕಾಣುವ ಈ ಮಿತಿ ಹಣಕಾಸಿನ ನಿಯಮವೂ ಹೌದು. ಒಂದೇ ಮನೆ ಎಲ್ಲರನ್ನೂ ಎಳೆದುಕೊಂಡರೆ ಪಕ್ಕದ ಮನೆಗಳ ಹಾಸಿಗೆಗಳು ಖಾಲಿ ಬೀಳುತ್ತವೆ, ಖಾಲಿ ಹಾಸಿಗೆಗೂ ಸಾಲದ ಬಡ್ಡಿ ಓಡುತ್ತಲೇ ಇರುತ್ತದೆ.

ಇದೇ ಅವಧಿಯಲ್ಲಿ ಉಳಿಕೆ ಹಣ ಮನೆಯ ಗೋಡೆ ದಾಟಿ ಹೊರಗೆ ಹೋಗತೊಡಗಿತು. ಪೈ ಬೀಟಾ ಫೈ ತನ್ನ ಸುವರ್ಣೋತ್ಸವ ಹತ್ತಿರವಾದಾಗ ಸ್ಥಾಪಕಿಯರ ನೆನಪಿಗೆ ಏನು ಮಾಡಬೇಕೆಂದು ಚರ್ಚಿಸಿ, 1912ರಲ್ಲಿ ಟೆನೆಸ್ಸಿ ರಾಜ್ಯದ ಬೆಟ್ಟಸೀಮೆಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಶಾಲೆ ತೆರೆಯಿತು. ಅಂದಿನ ಗ್ಯಾಟ್ಲಿನ್‌ಬರ್ಗ್ ಪ್ರವಾಸಿ ತಾಣವಲ್ಲ, ರಸ್ತೆಯೂ ಸರಿಯಿಲ್ಲದ ಕೊಂಪೆ. ದೇಶದ ಮೂಲೆಮೂಲೆಯ ಘಟಕಗಳು ಆ ಶಾಲೆಗೆ ಹಣ ಕಳಿಸಿದವು. ಶಾಲೆಯ ಜೊತೆಗೆ ಆರೋಗ್ಯ ಸೇವೆ ಬಂತು, ಅಲ್ಲಿನವರ ನೇಯ್ಗೆ, ಬುಟ್ಟಿ ಹೆಣಿಗೆಗಳಿಗೆ ಮಾರುಕಟ್ಟೆ ಸಿಕ್ಕಿತು. ಆ ನೆಲದಲ್ಲಿ ಈಗ ಆರೋಮಾಂಟ್ ಎಂಬ ಹೆಸರಾಂತ ಕರಕುಶಲ ಶಾಲೆ ಇದೆ. 1930ರಲ್ಲಿ ಕೈ ಒಮೆಗಾ ಸಂಘ ತಾನು ಹುಟ್ಟಿದ ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಬಯಲು ರಂಗಮಂದಿರ ಕಟ್ಟಿಸಿಕೊಟ್ಟಿತು. ನಮ್ಮಲ್ಲಿ ದತ್ತಿನಿಧಿ ಇಟ್ಟು ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸುವ, ಬಹುಮಾನ ಕೊಡುವ ಪದ್ಧತಿಯನ್ನು ಬಲ್ಲ ಕನ್ನಡ ಓದುಗರಿಗೆ ಇದು ಅಪರಿಚಿತ ಮನೋಧರ್ಮವಲ್ಲ. ವ್ಯತ್ಯಾಸವಿಷ್ಟೇ: ನಮ್ಮ ದತ್ತಿಯ ಹಿಂದೆ ಬಹುಪಾಲು ಒಬ್ಬ ದಾನಿ ಇರುತ್ತಾನೆ, ಇಲ್ಲಿ ಸಾವಿರಾರು ವಿದ್ಯಾರ್ಥಿನಿಯರ ವಂತಿಗೆ ಇದೆ.

1908–1942: ಮನೆಯಿಲ್ಲದವರ ಖಜಾನೆ

ಇಷ್ಟು ಹೇಳಿದ ಸಂಘಗಳ ಬಾಗಿಲು ಕಪ್ಪು ವಿದ್ಯಾರ್ಥಿನಿಯರಿಗೆ ಮುಚ್ಚಿತ್ತು. 1908ರ ಜನವರಿ 15ರಂದು ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಎಥೆಲ್ ಹೆಜ್‌ಮನ್ ಮತ್ತು ಗೆಳತಿಯರು ಆಲ್ಫಾ ಕಪ್ಪಾ ಆಲ್ಫಾ ಸ್ಥಾಪಿಸಿದರು. ಐದು ವರ್ಷದೊಳಗೆ ಸಂಘದ ಹೆಸರು, ಗುರಿಗಳ ಬಗ್ಗೆ ಎರಡು ಅಭಿಪ್ರಾಯಗಳು ಬಂದವು. ಹೊಸ ದಿಕ್ಕು ಬೇಕೆಂದ ಇಪ್ಪತ್ತೆರಡು ಮಂದಿ 1913ರ ಜನವರಿ 13ರಂದು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿ, ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ನಡೆದ ಮಹಿಳಾ ಮತದಾನ ಹಕ್ಕಿನ ಮೆರವಣಿಗೆಯಲ್ಲಿ ನಡೆದರು. ಹಳೆಯ ಹೆಸರನ್ನು ಉಳಿಸಿಕೊಳ್ಳಬೇಕೆಂದ ನೆಲ್ಲಿ ಕ್ವಾಂಡರ್ ಮತ್ತು ಸಂಗಡಿಗರು ಜನವರಿ 29ರಂದು ಆಲ್ಫಾ ಕಪ್ಪಾ ಆಲ್ಫಾವನ್ನು ಕಾನೂನುಬದ್ಧವಾಗಿ ನೋಂದಾಯಿಸಿದರು. ಆ ದಿನಗಳ ಬಿಸಿ ಆರಿ ಎಷ್ಟೋ ಕಾಲವಾಗಿದೆ, ಎರಡೂ ಸಂಘಗಳು ಅಕ್ಕಪಕ್ಕದಲ್ಲೇ ದೊಡ್ಡದಾಗಿ ಬೆಳೆದಿವೆ. ನಮ್ಮ ವಾದಕ್ಕೆ ಮುಖ್ಯವಾದದ್ದು ಆ ನೋಂದಣಿ. ನೋಂದಣಿಯಾದ ಸಂಸ್ಥೆ ತನ್ನದೇ ಹೆಸರಿನಲ್ಲಿ ಆಸ್ತಿ ಹಿಡಿಯಬಲ್ಲದು, ಕರಾರು ಮಾಡಿಕೊಳ್ಳಬಲ್ಲದು, ಮೀಸಲು ನಿಧಿ ಇಡಬಲ್ಲದು. ಪದಾಧಿಕಾರಿಗಳು ಬದಲಾದರೂ ಹಣದ ಒಡೆತನ ಬದಲಾಗದು.

ಈ ಸಂಘಗಳ ಬಹುಪಾಲು ಕಾಲೇಜು ಘಟಕಗಳಿಗೆ ಸ್ವಂತ ಮನೆ ಇರಲಿಲ್ಲ, ಇಂದಿಗೂ ಹೆಚ್ಚಿನವಕ್ಕಿಲ್ಲ. ಆದರೆ ಇವುಗಳಲ್ಲಿ ಸದಸ್ಯತ್ವ ಪದವಿಯೊಂದಿಗೆ ಮುಗಿಯುವುದಿಲ್ಲ. ಶಿಕ್ಷಕಿಯರು, ದಾದಿಯರು, ವಕೀಲೆಯರು ಪದವೀಧರ ಘಟಕಗಳಲ್ಲಿ ಮುಂದುವರಿದು ವರ್ಷ ವರ್ಷ ವಂತಿಗೆ ಕಟ್ಟುತ್ತಾರೆ. ಹಾಗಾಗಿ ಇವರ ಇಡುಗಂಟು ಇಟ್ಟಿಗೆಯಲ್ಲಿ ಹೂತುಹೋಗದೆ ಕೈಗೆ ಸಿಗುವ ಹಣವಾಗಿ ಉಳಿಯಿತು. ಅದರ ಫಲ ಕಂಡದ್ದು ಮಹಾ ಆರ್ಥಿಕ ಕುಸಿತದ ನಟ್ಟನಡುವೆ. 1935ರ ಬೇಸಿಗೆಯಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸಂಘ ವೈದ್ಯೆ ಡೊರೊಥಿ ಬೋಲ್ಡಿಂಗ್ ಫೆರೆಬಿ ಅವರ ನೇತೃತ್ವದಲ್ಲಿ ಮಿಸಿಸಿಪಿಯ ಹೋಮ್ಸ್ ಕೌಂಟಿಗೆ ತಂಡ ಕಳಿಸಿತು. ಹತ್ತಿ ತೋಟಗಳ ಒಡೆಯರು ಕೂಲಿಯವರನ್ನು ಚಿಕಿತ್ಸಾಲಯಕ್ಕೆ ಬಿಡಲು ಒಪ್ಪದಿದ್ದಾಗ, ಸ್ವಯಂಸೇವಕಿಯರು ಲಸಿಕೆ, ಔಷಧಿಗಳನ್ನು ತಮ್ಮ ಕಾರುಗಳಲ್ಲಿ ತುಂಬಿಕೊಂಡು ತೋಟಗಳಿಗೇ ಹೋದರು. 1942ರವರೆಗೆ ಬೇಸಿಗೆಗಳಲ್ಲಿ ಈ ಕೆಲಸ ನಡೆಯಿತು. ಕೂಡಿಟ್ಟ ಹಣ ಮುಷ್ಟಿ ಬಿಗಿಹಿಡಿದವರ ಹಣ ಎಂದು ಹಳಿಯುವವರು ಈ ಎಂಟು ಬೇಸಿಗೆಗಳ ಲೆಕ್ಕವನ್ನೂ ನೋಡಬೇಕು. ಊರಿಗೆ ಊರೇ ಕೆಲಸ ಕಳೆದುಕೊಂಡು ಕೂತ ಕಾಲದಲ್ಲಿ ಆ ವರ್ಷದ ವಂತಿಗೆಯೊಂದನ್ನೇ ನಂಬಿದ ಸಂಸ್ಥೆಗೆ ಇಂಥ ಸಾಹಸ ಸಾಧ್ಯವಿರಲಿಲ್ಲ.

ಅದೇ ಕಾಲದಲ್ಲಿ ಗಂಟು ತೆಳುವಾಗಿದ್ದ ಸಣ್ಣ ಸಂಘಗಳ ಕತೆ ಬೇರೆ. 1933ರಲ್ಲಿ ಲ್ಯಾಂಬ್ಡಾ ಒಮೆಗಾ ಸಂಘ ಥೀಟಾ ಅಪ್ಸಿಲಾನ್‌ನಲ್ಲಿ ವಿಲೀನವಾಯಿತು. 1939ರಲ್ಲಿ ಆಲ್ಫಾ ಡೆಲ್ಟಾ ಥೀಟಾ ಸಂಘ ಫೈ ಮ್ಯೂವನ್ನು ಸೇರಿತು. 1941ರಲ್ಲಿ ಬೀಟಾ ಫೈ ಆಲ್ಫಾ ಸಂಘ ಡೆಲ್ಟಾ ಜೀಟಾದೊಳಗೆ ಬೆರೆಯಿತು. ವಿಲೀನದ ಕಾರಣಗಳು ಹಲವು ಇರಬಹುದು, ಹಣವೊಂದೇ ಅಲ್ಲ. ಇತ್ತ ಪೈ ಬೀಟಾ ಫೈ ಸಂಘ ತಾನು ಹುಟ್ಟಿದ ಹೋಲ್ಟ್ ಮನೆಯನ್ನು 1930ರ ದಶಕದ ಕೊನೆಯಲ್ಲಿ ಕೊಂಡು ದುರಸ್ತಿ ಮಾಡಿಸಿತು. ಒಂದೇ ದಶಕದಲ್ಲಿ ಕೆಲವರು ಹೆಸರು ಕಳೆದುಕೊಂಡರು, ಇವರು ತವರನ್ನೇ ಮರಳಿ ಕೊಂಡರು.

1969–1976: ಸರ್ಕಾರ ಕಣ್ಣಿಟ್ಟ ಉಳಿಕೆ

ಯುದ್ಧಾನಂತರ ಕಾಲೇಜುಗಳು ತುಂಬಿ ತುಳುಕಿದವು, ಮನೆಗಳು ದೊಡ್ಡದಾದವು, ಠೇವಣಿಗಳೂ ಬೆಳೆದವು. ಅಮೆರಿಕದ ತೆರಿಗೆ ಕಾನೂನು ಸೊರಾರಿಟಿ ಘಟಕವನ್ನು ‘ಸಾಮಾಜಿಕ ಕ್ಲಬ್’ ಎಂಬ ವರ್ಗದಲ್ಲಿಡುತ್ತದೆ. ಅದು ದಾನಸಂಸ್ಥೆಯಲ್ಲ. ಅದಕ್ಕೆ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ. ಸದಸ್ಯೆಯರೇ ತಮ್ಮೊಳಗೆ ಹಣ ಹಾಕಿ ತಮಗಾಗಿ ಖರ್ಚು ಮಾಡಿಕೊಂಡರೆ ಅದು ಆದಾಯವಲ್ಲ ಎಂಬ ತರ್ಕದ ಮೇಲೆ ಮಾತ್ರ ಕ್ಲಬ್ಬಿಗೆ ತೆರಿಗೆ ಇಲ್ಲ. 1969ರ ತೆರಿಗೆ ಸುಧಾರಣಾ ಕಾಯ್ದೆ ಈ ತರ್ಕವನ್ನು ಕಟ್ಟುನಿಟ್ಟಾಗಿ ಎಳೆದು, ಮೀಸಲು ನಿಧಿಯ ಬಡ್ಡಿ, ಲಾಭಾಂಶ ಸದಸ್ಯೆಯರಿಂದ ಬಂದ ಹಣವಲ್ಲವಾದ್ದರಿಂದ ಅದಕ್ಕೆ ತೆರಿಗೆ ಕಟ್ಟಬೇಕು ಎಂದಿತು. ದಾನಧರ್ಮಕ್ಕೆಂದು ಬೇರೆ ತೆಗೆದಿಟ್ಟ ಭಾಗಕ್ಕೆ ಮಾತ್ರ ರಿಯಾಯಿತಿ. 1976ರಲ್ಲಿ ಇನ್ನೊಂದು ಅಳತೆ ಬಂತು: ಒಟ್ಟು ಜಮೆಯಲ್ಲಿ ಸದಸ್ಯರಲ್ಲದ ಮೂಲಗಳ ಪಾಲು ಶೇ. 35 ಮೀರಬಾರದು, ಅದರೊಳಗೆ ಹೊರಗಿನವರು ಕ್ಲಬ್ಬಿನ ಜಾಗ, ಸೌಲಭ್ಯ ಬಳಸಿದ್ದಕ್ಕೆ ಬಂದ ಹಣ ಶೇ. 15 ಮೀರಬಾರದು. ಫುಟ್‌ಬಾಲ್ ಪಂದ್ಯದ ಶನಿವಾರ ಅಂಗಳದಲ್ಲಿ ಪರ ಊರಿನವರ ಕಾರು ನಿಲ್ಲಿಸಿಕೊಂಡು ಹಣ ಪಡೆಯುವ ಘಟಕ ಆ ನೋಟುಗಳನ್ನು ಯಾವ ಕಲಮಿನಲ್ಲಿ ಬರೆಯಬೇಕೆಂದು ಯೋಚಿಸುವುದು ಈ ಕಾರಣಕ್ಕೆ.

ಈ ಕಾನೂನುಗಳು ಸಂಸ್ಥೆಯ ಆಕಾರವನ್ನೇ ಬದಲಿಸಿದವು. ದಾನ, ವಿದ್ಯಾರ್ಥಿವೇತನಗಳಿಗೆ ಪ್ರತ್ಯೇಕ ಪ್ರತಿಷ್ಠಾನ ಇರಬೇಕೆಂಬ ಯೋಚನೆ ಅವಕ್ಕೂ ಹಿಂದಿನದು. ಆಲ್ಫಾ ಫೈ ತನ್ನ ಪ್ರತಿಷ್ಠಾನವನ್ನು 1956ರಲ್ಲೇ ಸ್ಥಾಪಿಸಿತ್ತು, ಆಲ್ಫಾ ಕಪ್ಪಾ ಆಲ್ಫಾ 1980ರಲ್ಲಿ ಶೈಕ್ಷಣಿಕ ಪ್ರತಿಷ್ಠಾನ ಕಟ್ಟಿತು. ಹೀಗೆ ಇಂದು ಒಂದು ಸೊರಾರಿಟಿಯ ಹಣ ಮೂರು ಪಾತ್ರೆಗಳಲ್ಲಿದೆ: ಘಟಕದ ವಂತಿಗೆ, ಹೌಸ್ ಕಾರ್ಪೊರೇಷನ್ನಿನ ಬಾಡಿಗೆ, ಪ್ರತಿಷ್ಠಾನದ ದಾನ. ಒಂದರಿಂದ ಇನ್ನೊಂದಕ್ಕೆ ಮನಸ್ಸಿಗೆ ಬಂದಂತೆ ಸುರಿಯುವಂತಿಲ್ಲ. ಪ್ರತಿಷ್ಠಾನದ ಹಣದಲ್ಲಿ ಮನೆಯ ಓದುಕೋಣೆ ಮಾಡಿಸಬಹುದು, ಮಲಗುವ ಕೋಣೆಗೆ ಹೊಸ ನೆಲಹಾಸು ಹಾಕಿಸಲಾಗದು.

ಒಂದು ವರ್ಷದ ಜಮಾಖರ್ಚು

ಮನೆಯಿರುವ ಘಟಕವೊಂದರ ವರ್ಷ ಹೇಗೆ ಸಾಗುತ್ತದೆಂದು ಹತ್ತಿರದಿಂದ ನೋಡೋಣ. ಆಗಸ್ಟಿನಲ್ಲಿ ಕಾಲೇಜು ತೆರೆಯುತ್ತದೆ. ಸೇರ್ಪಡೆಯ ವಾರದ ಅಲಂಕಾರ, ಊಟೋಪಚಾರಕ್ಕೆ ಹಣ ಮೊದಲೇ ಹೋಗಿರುತ್ತದೆ, ಹೊಸಬರ ಪ್ರವೇಶ ಶುಲ್ಕ ಆಮೇಲೆ ಬರುತ್ತದೆ. ಬಂದ ಶುಲ್ಕದಲ್ಲಿ ದೊಡ್ಡ ಪಾಲು ಘಟಕದ್ದಲ್ಲ: ತಲೆಗಿಷ್ಟು ಎಂದು ಕೇಂದ್ರ ಕಚೇರಿಗೆ, ತಲೆಗಿಷ್ಟು ಎಂದು ಹೊಣೆಗಾರಿಕೆ ವಿಮೆಗೆ, ಸ್ವಲ್ಪ ಕಾಲೇಜಿನ ಒಕ್ಕೂಟಕ್ಕೆ. ಮನೆಯಲ್ಲಿರುವವರು ಕೋಣೆ ಬಾಡಿಗೆ, ಊಟದ ಹಣ ಕಟ್ಟುತ್ತಾರೆ. ಹೊರಗಿರುವವರು ಹಜಾರ, ಅಡುಗೆಮನೆ ಬಳಸುವುದಕ್ಕೆ ‘ಪಾರ್ಲರ್ ಫೀ’ ಕೊಡುತ್ತಾರೆ. ಅಡುಗೆಯವರ ಸಂಬಳ, ಮನೆ ನೋಡಿಕೊಳ್ಳುವ ಹಿರಿಯ ಮಹಿಳೆಯ ಸಂಬಳ, ಚಳಿಗಾಲದಲ್ಲಿ ಮನೆ ಕಾಯಿಸುವ ಬಾಯ್ಲರಿನ ಇಂಧನ ಎಲ್ಲವೂ ಇದರಲ್ಲೇ ನಡೆಯಬೇಕು. ಮೇ ತಿಂಗಳಲ್ಲಿ ಹುಡುಗಿಯರು ಊರಿಗೆ ಹೋದ ಮೇಲೆ ಜಮೆ ನಿಲ್ಲುತ್ತದೆ, ಖರ್ಚು ನಿಲ್ಲುವುದಿಲ್ಲ. ರಿಪೇರಿಗೆ ಸಿಗುವ ಕಾಲವೂ ಬೇಸಿಗೆಯೊಂದೇ. ಅರವತ್ತು ಹಾಸಿಗೆಯ ಮನೆಯಲ್ಲಿ ಒಂದು ವರ್ಷ ನಲವತ್ತೆಂಟು ಮಂದಿ ಮಾತ್ರ ಸೇರಿದರೆಂದು ಇಟ್ಟುಕೊಳ್ಳಿ. ಐದರಲ್ಲೊಂದು ಪಾಲು ಬಾಡಿಗೆ ಹೋಯಿತು, ಬಾಯ್ಲರಿನ ಇಂಧನ ಮಾತ್ರ ಐದರಲ್ಲೊಂದು ಪಾಲು ಇಳಿಯಲಿಲ್ಲ. ಆ ಕೊರತೆಯನ್ನು ಇರುವ ನಲವತ್ತೆಂಟು ಮಂದಿಯ ಮೇಲೆ ಹೇರಿದರೆ ಮುಂದಿನ ವರ್ಷ ನಲವತ್ತು ಮಂದಿಯೂ ಉಳಿಯುವುದಿಲ್ಲ. ಮೂರರಿಂದ ಆರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿರಬೇಕು ಎಂಬ ಲಾಭರಹಿತ ಸಂಸ್ಥೆಗಳ ವಾಡಿಕೆ ಹುಟ್ಟಿದ್ದು ಇಂಥ ಲೆಕ್ಕದಿಂದಲೇ. ಮಾಡು, ಬಾಯ್ಲರು, ಕೊಳಾಯಿಗಳ ಸವಕಳಿಗೆ ಇಡಬೇಕಾದ ನಿಧಿ ಇದರ ಮೇಲಿನದು.

1996ರಿಂದ ಈಚೆಗೆ

1996ರ ಮೇ 12ರಂದು ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲಿ ಹುಡುಗರ ಸಂಘವೊಂದರ ಮನೆಗೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಆ ಊರಿನ ಆಡಳಿತ ಹುಡುಗರ, ಹುಡುಗಿಯರ ಸಂಘಗಳ ಮನೆಗಳೆಲ್ಲಕ್ಕೂ ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಕಡ್ಡಾಯ ಮಾಡಿ ಕೆಲವು ವರ್ಷಗಳ ಗಡುವು ಕೊಟ್ಟಿತು. ಹಳೆಯ ಮನೆಯ ಮಾಳಿಗೆ ಮಾಳಿಗೆಗೂ ಕೊಳವೆ ಎಳೆಸುವ ಇಂಥ ಖರ್ಚು ಯಾವ ವರ್ಷದ ಆಯವ್ಯಯದಲ್ಲೂ ಬರೆದಿರುವುದಿಲ್ಲ. ಕೂಡಿಟ್ಟವರು ಕೊಳವೆ ಹಾಕಿಸಬಹುದು, ಇಲ್ಲದವರು ಸಾಲಕ್ಕೆ ಓಡಬೇಕು. ಸದಸ್ಯಬಲ ಕುಗ್ಗಿದಾಗ ಆಗುವ ನೋವಿಗೆ ಇನ್ನೊಂದು ನಿದರ್ಶನ ಡಿಪಾವ್ ವಿಶ್ವವಿದ್ಯಾಲಯದ್ದು. ಅಲ್ಲಿನ ಡೆಲ್ಟಾ ಜೀಟಾ ಘಟಕದಲ್ಲಿ ಸಂಖ್ಯೆ ಇಳಿದಿದ್ದಾಗ ಕೇಂದ್ರ ಕಚೇರಿಯು 2006ರ ಕೊನೆಯಲ್ಲಿ ಇಪ್ಪತ್ಮೂರು ಸದಸ್ಯೆಯರಿಗೆ ಮನೆ ಬಿಡಲು ಹೇಳಿತು. ಮರುವರ್ಷ ವಿಶ್ವವಿದ್ಯಾಲಯವೇ ಆ ಸಂಘದೊಂದಿಗಿನ ಸಂಬಂಧ ಮುಗಿಸಿತು. ಎರಡೂ ಕಡೆಯವರಿಗೆ ಅವರವರ ವಿವರಣೆ ಇತ್ತು. ಹಾಸಿಗೆ ತುಂಬಿಸುವ ಒತ್ತಡ ಗೆಳೆತನದ ಮೇಲೆ ಎಷ್ಟು ಭಾರ ಹಾಕಬಲ್ಲದು ಎಂಬುದಂತೂ ಎಲ್ಲರಿಗೂ ಕಂಡಿತು.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಈ ವರ್ಷದ ಹುಡುಗಿ ಕಟ್ಟಿದ ಹಣ ಹತ್ತು ವರ್ಷದ ನಂತರದವಳ ಮಾಡಿಗೆ ಹೋಗುವುದು ನ್ಯಾಯವೇ ಎಂಬುದು ಮೊದಲನೆಯದು. ಅವಳು ಮಲಗಿರುವುದೂ ಹಿಂದಿನವರು ಹಣ ಕೊಟ್ಟ ಮಾಡಿನ ಕೆಳಗೇ ಎಂಬುದು ನೇರ ಉತ್ತರ. ಆದರೆ ಆ ಉತ್ತರ ಸಲ್ಲುವುದು ಉದ್ದೇಶ ಹೇಳಿ ಇಟ್ಟ ನಿಧಿಗೆ ಮಾತ್ರ. ಯಾತಕ್ಕೆಂದು ಹೇಳದೆ ಬೆಳೆಯುತ್ತಾ ಹೋಗುವ ಗಂಟನ್ನು ಸಮರ್ಥಿಸಲು ನನ್ನಲ್ಲಿ ವಾದವಿಲ್ಲ. ಸದಸ್ಯೆ ಬಿಟ್ಟುಹೋದಾಗ ತನ್ನ ಪಾಲು ಕೇಳುವಂತಿಲ್ಲವಾದ್ದರಿಂದ ಅದರ ಉದ್ದೇಶವನ್ನಾದರೂ ಕೇಳುವ ಹಕ್ಕು ಅವಳಿಗಿರಬೇಕು. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಮನೆ, ಶುಲ್ಕ, ನಿಧಿ ಇವೆಲ್ಲ ಬಡವರನ್ನೂ ಪರಕೀಯರನ್ನೂ ಹೊರಗಿಡುವ ಗೋಡೆಗಳಾದವು ಎಂಬುದು. ಇದರಲ್ಲಿ ಬಹಳಷ್ಟು ಸತ್ಯವಿದೆ, ಬಣ್ಣ ಮತ್ತು ಧರ್ಮದ ಕಾರಣಕ್ಕೆ ಹೊರಗಿಟ್ಟ ದಶಕಗಳನ್ನು ಯಾವ ಸಂಚಿಕೆಯೂ ಮರೆಮಾಚಲಾಗದು. 2020ರ ಬೇಸಿಗೆಯಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಮೊದಲಾದ ಕಡೆ ವಿದ್ಯಾರ್ಥಿಗಳು ಗುಂಪುಗುಂಪಾಗಿ ಈ ಸಂಘಗಳನ್ನು ತೊರೆದದ್ದು ಅದೇ ಸಿಟ್ಟಿನಿಂದ. ಆದರೆ ಹೊರಗಿಡುವ ನಿರ್ಧಾರ ಮಾಡಿದ್ದು ಸದಸ್ಯೆಯರು ಹಾಕಿದ ಮತಗಳು, ನಿಧಿಗಳಲ್ಲ. ಅದೇ ಬಗೆಯ ವಂತಿಗೆ, ಅದೇ ಬಗೆಯ ಉಳಿಕೆ ಹೊವಾರ್ಡ್‌ನ ಹುಡುಗಿಯರ ಕೈಯಲ್ಲಿ ಹೊರಗಿಟ್ಟವರ ಸೇವೆಗೇ ಒದಗಿತು.

ಹೊಸ ಪೀಳಿಗೆಯ ಸಂಘಗಳು ಈ ಪಾಠವನ್ನು ತಮ್ಮ ರೀತಿಯಲ್ಲಿ ಓದಿಕೊಂಡಿವೆ. 1998ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ಫೈ ಗ್ಯಾಮಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ ಎಂಬ ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿನಿಯರ ಸೊರಾರಿಟಿಗಳು ಹುಟ್ಟಿದವು. ಅಮೆರಿಕದಲ್ಲಿ ಬೆಳೆದ ಕನ್ನಡದ ಮನೆಗಳ ಹೆಣ್ಣುಮಕ್ಕಳಿಗೂ ಇಂಥ ಸಂಘಗಳ ಬಾಗಿಲು ತೆರೆದಿದೆ. ಮನೆಯ ಹೊರೆಯಿಲ್ಲದ ಸಣ್ಣ ಘಟಕಕ್ಕೆ ಸರ್ಕಾರದ ಲೆಕ್ಕವೂ ಸಣ್ಣದು. ವರ್ಷದ ಜಮೆ ಸಾಮಾನ್ಯವಾಗಿ 50,000 ಡಾಲರಿನೊಳಗಿದ್ದರೆ ಅಂಚೆಕಾರ್ಡಿನಷ್ಟು ಚಿಕ್ಕ ಆನ್‌ಲೈನ್ ನಮೂನೆ ಸಾಕು. ಅದನ್ನೂ ಸತತ ಮೂರು ವರ್ಷ ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಾನಾಗಿ ರದ್ದಾಗುತ್ತದೆ. 2011ರ ಜೂನ್‌ನಲ್ಲಿ ಹೀಗೆ ರದ್ದಾದ ಎಲ್ಲ ಬಗೆಯ ಸಂಸ್ಥೆಗಳ ಮೊದಲ ಪಟ್ಟಿ ಬಂದಾಗ ಅದರಲ್ಲಿ ಸುಮಾರು 2,75,000 ಹೆಸರುಗಳಿದ್ದವು. ಖಜಾಂಚಿ ವರ್ಷಕ್ಕೊಮ್ಮೆ ಬದಲಾಗುವ ಸಂಸ್ಥೆಗೆ ಇದು ನಿಜವಾದ ಅಪಾಯ. ಹೋಗುವವಳು ಬರುವವಳಿಗೆ ಬ್ಯಾಂಕಿನ ಸಹಿಯ ಜೊತೆಗೆ ಆ ನಮೂನೆಯ ಗಡುವನ್ನೂ ಒಪ್ಪಿಸಬೇಕು. ಇತ್ತ ಆಲ್ಫಾ ಕಪ್ಪಾ ಆಲ್ಫಾ 2023ರಲ್ಲಿ ಸರ್ಕಾರದ ಅನುಮತಿ ಪಡೆದು ತನ್ನ ಸದಸ್ಯೆಯರಿಗಾಗಿಯೇ ಒಂದು ಸಹಕಾರಿ ಪತ್ತಿನ ಸಂಘ ತೆರೆದಿದೆ. ಅದಕ್ಕೆ ಶಾಖೆಯ ಕಟ್ಟಡವಿಲ್ಲ, ವಹಿವಾಟೆಲ್ಲ ಆನ್‌ಲೈನ್. ನೂರಾಹದಿನೈದು ವರ್ಷ ಹೊರಗಿನ ಬ್ಯಾಂಕುಗಳಲ್ಲಿ ಠೇವಣಿ ಇಟ್ಟವರು ಈಗ ತಮ್ಮ ಉಳಿತಾಯದಿಂದ ತಮ್ಮವರಿಗೇ ಸಾಲ ಕೊಡುತ್ತಿದ್ದಾರೆ.